ಡೇಟಾ ಸೆಂಟರ್‌ಗಳು ವಿದ್ಯುತ್ತಿನ ಲೆಕ್ಕವನ್ನೂ ನೀರಿನ ಲೆಕ್ಕವನ್ನೂ ಒಟ್ಟಿಗೆ ಕೊಡಲಿ

ಮಾನ್ಯ ಸಂಪಾದಕರೇ,

ಸಾವಿರಾರು ಸರ್ವರ್ ಕಂಪ್ಯೂಟರ್‌ಗಳನ್ನು ಒಂದೆಡೆ ಇಟ್ಟು ನಡೆಸುವ ಡೇಟಾ ಸೆಂಟರ್‌ಗಳಿಗಾಗಿ ರಾಜ್ಯ ಸರ್ಕಾರ ರೂಪಿಸಿದ 2022–27ರ ನೀತಿಯ ಅವಧಿ ಮುಗಿಯುತ್ತ ಬಂದಿದ್ದು, ಅದರ ಜಾಗಕ್ಕೆ ಬರುವ ನೀತಿಯಲ್ಲಿ ಏನಿರಬೇಕು ಎಂಬುದನ್ನು ಈಗಲೇ ಚರ್ಚಿಸುವುದು ಒಳ್ಳೆಯದೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ. ಗೂಗಲ್ ಸಂಸ್ಥೆಯು ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡಿ ಒಂದು ಗಿಗಾವಾಟ್ ಪ್ರಮಾಣದ ಕೇಂದ್ರ ಕಟ್ಟುವುದಾಗಿ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಮೇಲೆ, ಅದು ನಮ್ಮ ರಾಜ್ಯಕ್ಕೇಕೆ ಬರಲಿಲ್ಲ, ನಾವೂ ಅಷ್ಟೇ ರಿಯಾಯಿತಿ ಕೊಡಬೇಕಿತ್ತೇ ಎಂಬ ಮಾತು ಇಲ್ಲಿಯೂ ನಡೆಯಿತು. ಆ ಚರ್ಚೆಯಲ್ಲಿ ಭೂಮಿ, ತೆರಿಗೆ, ಉದ್ಯೋಗಗಳ ವಿಷಯ ಬಂದಷ್ಟು, ಇಂಥ ಕಟ್ಟಡವೊಂದು ದಿನಕ್ಕೆ ಎಷ್ಟು ಯೂನಿಟ್ ವಿದ್ಯುತ್ತನ್ನೂ ಎಷ್ಟು ಲೀಟರ್ ನೀರನ್ನೂ ಬಳಸುತ್ತದೆ ಎಂಬ ವಿಷಯ ಬರಲಿಲ್ಲ. ಹಲವು ವರ್ಷ ಇಂಥ ಕೇಂದ್ರಗಳಲ್ಲಿ ವಿದ್ಯುತ್ ಪೂರೈಕೆ ಮತ್ತು ಕೂಲಿಂಗ್ ವ್ಯವಸ್ಥೆಯ ಉಸ್ತುವಾರಿ ನೋಡಿಕೊಂಡ ಎಂಜಿನಿಯರ್ ಆಗಿ ನನ್ನ ಬೇಡಿಕೆ ಒಂದೇ: ಸರ್ಕಾರದಿಂದ ರಿಯಾಯಿತಿ ಪಡೆಯುವ ಪ್ರತಿಯೊಂದು ಡೇಟಾ ಸೆಂಟರ್ ತಾನು ಬಳಸಿದ ವಿದ್ಯುತ್ತನ್ನೂ ನೀರನ್ನೂ ಮೀಟರಿನಲ್ಲಿ ಅಳೆದು, ಎರಡನ್ನೂ ಒಟ್ಟಿಗೆ, ತಿಂಗಳಿಗೊಮ್ಮೆ ಸಾರ್ವಜನಿಕರ ಮುಂದಿಡಬೇಕು.

ಈ ಉದ್ಯಮ ನಮ್ಮ ದೇಶದಲ್ಲಿ ಬೆಳೆದದ್ದಕ್ಕೆ ಸ್ಪಷ್ಟ ಕಾರಣಗಳಿವೆ. ಪಾವತಿ ವ್ಯವಹಾರಗಳ ದತ್ತಾಂಶವನ್ನು ಭಾರತದೊಳಗೇ ಇಡಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿತು. 2022ರ ಕೇಂದ್ರ ಬಜೆಟ್ ಡೇಟಾ ಸೆಂಟರ್‌ಗಳಿಗೆ ಮೂಲಸೌಕರ್ಯದ ಸ್ಥಾನಮಾನ ನೀಡಿ ಸಾಲ ದೊರೆಯುವ ದಾರಿಯನ್ನು ಸುಲಭ ಮಾಡಿತು. ಮೊಬೈಲ್ ಪಾವತಿ, ವಿಡಿಯೊ ಮತ್ತು ಈಗ ಕೃತಕ ಬುದ್ಧಿಮತ್ತೆ ಬೇಡಿಕೆಯನ್ನು ಏರಿಸುತ್ತಲೇ ಇವೆ. ಸಮುದ್ರದಡಿಯ ಕೇಬಲ್‌ಗಳು ದಡ ಸೇರುವ ಮುಂಬೈ ಮತ್ತು ಚೆನ್ನೈ ಈ ಉದ್ಯಮದಲ್ಲಿ ಮುಂದಿವೆ. ಕರಾವಳಿಯಿಂದ ದೂರದಲ್ಲಿದ್ದರೂ ಗ್ರಾಹಕ ಕಂಪನಿಗಳು ಇಲ್ಲಿಯೇ ಇರುವುದರಿಂದ ಬೆಂಗಳೂರಿಗೂ ಅದರಲ್ಲಿ ಗಣನೀಯ ಪಾಲಿದೆ. ಬರಬೇಡಿ ಎಂದು ಬಾಗಿಲು ಹಾಕುವುದು ನನ್ನ ವಾದವಲ್ಲ. ಪಹಣಿ ತೆಗೆಯುವ ರೈತನಿಂದ ಹಿಡಿದು ಆಸ್ಪತ್ರೆಯ ಚೀಟಿ ಬರೆಸುವವರವರೆಗೆ ಎಲ್ಲರ ಕೆಲಸವೂ ಇಂದು ಯಾವುದೋ ಒಂದು ಸರ್ವರಿನ ಮೇಲೆ ನಿಂತಿದೆ.

ಡೇಟಾ ಸೆಂಟರ್‌ನ ಒಳಗೆ ನಡೆಯುವುದನ್ನು ಸರಳವಾಗಿ ಹೇಳುವುದಾದರೆ, ಸರ್ವರಿಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ ಮತ್ತು ಆ ಶಾಖವನ್ನು ಇಪ್ಪತ್ತನಾಲ್ಕು ಗಂಟೆಯೂ ಹೊರಗೆ ಸಾಗಿಸುತ್ತಲೇ ಇರಬೇಕು. ಇದಕ್ಕೆ ಚಿಲ್ಲರ್ (ಕಂಪ್ರೆಸರ್‌ನಿಂದ ನೀರನ್ನು ತಣಿಸುವ ಯಂತ್ರ), ಪಂಪ್, ಫ್ಯಾನ್, ಕೂಲಿಂಗ್ ಟವರ್‌ಗಳು ಬೇಕು. ವಿದ್ಯುತ್ ಕೈಕೊಟ್ಟರೆ ಕ್ಷಣಮಾತ್ರವೂ ನಿಲ್ಲದಂತೆ ಯುಪಿಎಸ್, ಬ್ಯಾಟರಿ ಮತ್ತು ಡೀಸೆಲ್ ಜನರೇಟರ್‌ಗಳು ಬೇಕು. ಕಟ್ಟಡದೊಳಕ್ಕೆ ಬಂದ ಒಟ್ಟು ವಿದ್ಯುತ್ತನ್ನು ಸರ್ವರ್, ಸಂಗ್ರಹ ಮತ್ತು ಜಾಲ ಉಪಕರಣಗಳಿಗೆ ತಲುಪಿದ ವಿದ್ಯುತ್ತಿನಿಂದ ಭಾಗಿಸಿದಾಗ ಬರುವ ಅಂಕಿಯನ್ನು ಪಿಯುಇ ಎನ್ನುತ್ತಾರೆ. ಗ್ರೀನ್ ಗ್ರಿಡ್ ಎಂಬ ಉದ್ಯಮ ಒಕ್ಕೂಟ 2007ರಲ್ಲಿ ಬಳಕೆಗೆ ತಂದ ಈ ಅಂಕಿ 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು, 1.6 ಇದ್ದರೆ ಸರ್ವರಿನ ಪ್ರತಿ ಒಂದು ಯೂನಿಟ್‌ಗೆ ಇನ್ನೊಂದು 0.6 ಯೂನಿಟ್ ತಂಪು ಮಾಡುವುದಕ್ಕೂ ಯುಪಿಎಸ್ ಮುಂತಾದವುಗಳ ನಷ್ಟಕ್ಕೂ ಹೋಗುತ್ತಿದೆ ಎಂದು ಅರ್ಥ.

ಈ ಅಂತರ ಎಷ್ಟು ದೊಡ್ಡದೆಂದು ನೋಡಲು ಒಂದು ಲೆಕ್ಕ ಸಾಕು. ಸರ್ವರ್‌ಗಳೇ ಸದಾ 10 ಮೆಗಾವಾಟ್ ಬಳಸುವ ಕೇಂದ್ರವೊಂದರ ಪಿಯುಇ 1.6ರಿಂದ 1.3ಕ್ಕೆ ಇಳಿದರೆ, 3 ಮೆಗಾವಾಟ್ ನಿರಂತರವಾಗಿ ಉಳಿಯುತ್ತದೆ. ವರ್ಷದ 8,760 ಗಂಟೆಗಳಿಗೆ ಅದು 2 ಕೋಟಿ 62 ಲಕ್ಷ ಯೂನಿಟ್‌ಗೂ ಹೆಚ್ಚು. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗಳ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 21,900 ಮನೆಗಳ ವರ್ಷವಿಡೀ ಬಳಕೆ ಅದು. ಒಂದೇ ಕಟ್ಟಡದಲ್ಲಿ, ಗ್ರಾಹಕರಿಗೆ ಕೊಡುವ ಸೇವೆಯಲ್ಲಿ ಏನೂ ಕಡಿಮೆಯಾಗದೆ, ಇಷ್ಟು ಉಳಿತಾಯ ಸಾಧ್ಯವಿದೆ.

ಸಾಧ್ಯವಿದ್ದರೂ ಅದು ಎಲ್ಲೆಡೆ ಆಗುತ್ತಿಲ್ಲ. ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಪ್ರತಿವರ್ಷ ಜಗತ್ತಿನ ಕೇಂದ್ರಗಳನ್ನು ಕೇಳಿ ಪ್ರಕಟಿಸುವ ಸಮೀಕ್ಷೆಯಲ್ಲಿ ಸರಾಸರಿ ಪಿಯುಇ 2007ರಲ್ಲಿ 2.5 ಇದ್ದದ್ದು 2013ರ ಹೊತ್ತಿಗೆ 1.65ಕ್ಕೆ ಇಳಿದಿತ್ತು, ಅಲ್ಲಿಂದ ಮುಂದೆ ಇಳಿಕೆ ಬಹುತೇಕ ನಿಂತೇ ಹೋಗಿ, 2024ರಲ್ಲಿ ಅದು 1.56ರಲ್ಲಿತ್ತು. ಅದೇ 2024ರಲ್ಲಿ ಗೂಗಲ್ ತನ್ನ ಎಲ್ಲ ದೊಡ್ಡ ಕೇಂದ್ರಗಳ ಸರಾಸರಿ 1.09 ಎಂದು ಹೇಳಿಕೊಂಡಿದೆ. ತನ್ನದೇ ಕಟ್ಟಡ, ತನ್ನದೇ ಸರ್ವರ್, ತನ್ನದೇ ತಂತ್ರಾಂಶವಿರುವ ಕಂಪನಿಗೆ ಇದು ಸುಲಭ. ಜಾಗವನ್ನೂ ವಿದ್ಯುತ್ತನ್ನೂ ನೂರಾರು ಗ್ರಾಹಕರಿಗೆ ಬಾಡಿಗೆಗೆ ಕೊಡುವ ಕೇಂದ್ರಗಳಿಗೆ ಕಷ್ಟ, ಮತ್ತು ನಮ್ಮ ನಗರಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು.

ಈ ಕಷ್ಟದ ಮೂಲ ಯಂತ್ರಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಒಪ್ಪಂದದ ಕಾಗದಗಳಲ್ಲಿದೆ ಎಂಬುದು ನನ್ನ ಅನುಭವ. ಸರ್ವರಿನ ಮುಂಭಾಗಕ್ಕೆ ಬರುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬಹುದೆಂದು ಈ ಕ್ಷೇತ್ರದ ಮಾನಕಗಳನ್ನು ರೂಪಿಸುವ ಅಮೆರಿಕದ ಆಶ್ರೇ ಸಂಸ್ಥೆ 2008ರಲ್ಲಿಯೇ ಶಿಫಾರಸು ಮಾಡಿದೆ. ಆದರೂ ಗ್ರಾಹಕರ ಒಪ್ಪಂದಗಳಲ್ಲಿ 22 ಡಿಗ್ರಿ, ಎರಡು ಹೆಚ್ಚು ಅಥವಾ ಎರಡು ಕಡಿಮೆ, ಎಂಬ ಹಳೆಯ ಷರತ್ತೇ ಉಳಿದುಕೊಂಡು ಬಂದಿರುವುದನ್ನು ಕಂಡಿದ್ದೇನೆ. ಷರತ್ತು ಮೀರಿದರೆ ದಂಡ ಕಟ್ಟಬೇಕಾದ ನಿರ್ವಾಹಕ, ಸುರಕ್ಷಿತವಾಗಿರಲೆಂದು ಇನ್ನೂ ಎರಡು ಡಿಗ್ರಿ ಕೆಳಗೇ ಇಡುತ್ತಾನೆ. ಸರ್ವರ್ ಹಾಲಿನೊಳಗೆ ಸ್ವೆಟರ್ ಹಾಕಿಕೊಂಡು ಕೆಲಸ ಮಾಡುವ ಹುಡುಗರನ್ನು ನೋಡಿದವರಿಗೆ ಇದರ ಅರ್ಥ ತಿಳಿಯುತ್ತದೆ. ತಾಪಮಾನವನ್ನು ಒಂದೊಂದು ಡಿಗ್ರಿ ಏರಿಸಿದಾಗಲೂ ಕೂಲಿಂಗ್‌ನ ವಿದ್ಯುತ್ತಿನಲ್ಲಿ ಶೇ 2ರಿಂದ 5ರಷ್ಟು ಉಳಿಯುತ್ತದೆ ಎಂದು ಸಿಂಗಪುರದ ಸರ್ಕಾರಿ ಸಂಸ್ಥೆ ಲೆಕ್ಕ ಹಾಕಿ, ಉಷ್ಣವಲಯದ ಕೇಂದ್ರಗಳು 26 ಡಿಗ್ರಿ ಅಥವಾ ಅದಕ್ಕೂ ಮೇಲೆ ನಡೆಯಲೆಂದು 2023ರಲ್ಲಿ ಮಾನಕವನ್ನೇ ಹೊರಡಿಸಿತು. ವರ್ಷವಿಡೀ ಸೆಕೆಯಲ್ಲಿ ಬೇಯುವ ಸಿಂಗಪುರಕ್ಕೆ ಆಗುವುದು ಬೆಂಗಳೂರಿಗೆ ಏಕಾಗಬಾರದು?

ಬೆಂಗಳೂರಿಗೆ ಪ್ರಕೃತಿ ಕೊಟ್ಟ ಅನುಕೂಲ ಇನ್ನೂ ದೊಡ್ಡದು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನಲ್ಲಿ ಬೇಸಿಗೆಯ ಕೆಲವು ವಾರಗಳನ್ನು ಬಿಟ್ಟರೆ ರಾತ್ರಿಯ ಗಾಳಿ 22 ಡಿಗ್ರಿಗಿಂತ ಕೆಳಗಿರುತ್ತದೆ. ಸರ್ವರಿಗೆ 26 ಡಿಗ್ರಿಯ ಗಾಳಿ ಸಾಕೆಂದು ಒಪ್ಪಿಕೊಂಡ ಕೇಂದ್ರವು ಅಂಥ ಹೊತ್ತಿನಲ್ಲಿ ಚಿಲ್ಲರಿನ ಕಂಪ್ರೆಸರ್‌ಗಳನ್ನು ಬಹುಮಟ್ಟಿಗೆ ನಿಲ್ಲಿಸಿ, ಹೊರಗಿನ ತಂಪನ್ನೇ ಬಳಸಿಕೊಳ್ಳಬಹುದು; 20 ಡಿಗ್ರಿಯೇ ಬೇಕೆಂದು ಹಟ ಹಿಡಿದ ಕೇಂದ್ರಕ್ಕೆ ಆ ಅವಕಾಶದ ಬಹುಭಾಗ ತಪ್ಪಿಹೋಗುತ್ತದೆ. ಬಿಸಿಗಾಳಿ ಮತ್ತು ತಣ್ಣನೆಯ ಗಾಳಿ ಬೆರೆಯದಂತೆ, ಸರ್ವರ್‌ಗಳನ್ನು ಜೋಡಿಸಿಟ್ಟ ರ‍್ಯಾಕ್‌ಗಳ ಸಾಲುಗಳನ್ನು ಮುಚ್ಚುವುದು, ಖಾಲಿ ಜಾಗಗಳಿಗೆ ಹಲಗೆ ಹಾಕುವುದು, ಫ್ಯಾನ್‌ಗಳ ವೇಗವನ್ನು ಅಗತ್ಯಕ್ಕೆ ತಕ್ಕಂತೆ ತಗ್ಗಿಸುವುದು, ಇವೆಲ್ಲ ಹೊಸ ವಿದ್ಯೆಗಳೇನಲ್ಲ. ಫ್ಯಾನಿನ ವೇಗವನ್ನು ಐದನೇ ಒಂದು ಪಾಲು ಇಳಿಸಿದರೆ ಅದು ಬಳಸುವ ವಿದ್ಯುತ್ ಅರ್ಧಕ್ಕೆ ಇಳಿಯುತ್ತದೆಂಬುದು ಭೌತಶಾಸ್ತ್ರದ ನಿಯಮ. ಆದರೂ ಈ ಕೆಲಸ ಹಿಂದೆ ಬೀಳುತ್ತದೆ, ಏಕೆಂದರೆ ವಿದ್ಯುತ್ ಬಿಲ್ಲು ಬಾಡಿಗೆಯ ಜೊತೆಗೆ ಗ್ರಾಹಕನಿಗೆ ಹೋಗುತ್ತದೆ, ತಾಪಮಾನ ಏರಿಸಿದರೆ ಬರುವ ದೂರು ಮಾತ್ರ ನಿರ್ವಾಹಕನ ಮೇಲೆ ಬರುತ್ತದೆ. ಹೊರಗಿನವರು ಕೇಳುವವರೆಗೆ ಈ ಕಟ್ಟು ಸಡಿಲವಾಗದು.

ಹಾಗಾದರೆ ಸರ್ಕಾರವು ಪಿಯುಇಗೆ ಒಂದು ಮಿತಿ ಹಾಕಿಬಿಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು ಎಂಬುದಕ್ಕೆ ನನಗೆ ಮೂರು ಕಾರಣಗಳಿವೆ, ಅವುಗಳಲ್ಲಿ ಕೊನೆಯದೇ ಮುಖ್ಯವಾದದ್ದು.

ಮೊದಲನೆಯದು, ಜಾಹೀರಾತಿನಲ್ಲಿ ಕಾಣುವ ಪಿಯುಇ ಬಹಳಷ್ಟು ಸಲ ನಕ್ಷೆಯ ಪಿಯುಇ ಆಗಿರುತ್ತದೆ. ಕಟ್ಟಡ ಪೂರ್ತಿ ತುಂಬಿದಾಗ, ಒಳ್ಳೆಯ ಹವೆಯಲ್ಲಿ, ಎಲ್ಲ ಯಂತ್ರಗಳೂ ತಮ್ಮ ಉತ್ತಮ ಸ್ಥಿತಿಯಲ್ಲಿದ್ದಾಗ ಬರಬೇಕಾದ ಅಂಕಿ ಅದು. ಕಟ್ಟಡ ಮೂರನೇ ಒಂದು ಪಾಲು ಮಾತ್ರ ತುಂಬಿದ್ದಾಗ ಚಿಲ್ಲರ್, ಯುಪಿಎಸ್, ಪಂಪ್‌ಗಳು ಕಡಿಮೆ ಹೊರೆಯಲ್ಲಿ ದಕ್ಷತೆ ಕಳೆದುಕೊಂಡು ಓಡುತ್ತಿರುತ್ತವೆ, ನಿಜವಾದ ಅಂಕಿ ಬೇರೆಯೇ ಆಗಿರುತ್ತದೆ. ಮೀಟರ್ ಎಲ್ಲಿ ಕೂತಿದೆ ಎಂಬುದೂ ಉತ್ತರವನ್ನು ಬದಲಿಸುತ್ತದೆ: ಯುಪಿಎಸ್ ಹೊರಬಾಗಿಲಲ್ಲಿ ಅಳೆದರೆ ಅಲ್ಲಿಂದ ಸರ್ವರಿನವರೆಗಿನ ನಷ್ಟವೆಲ್ಲ ಸರ್ವರಿನ ಬಳಕೆಯ ಲೆಕ್ಕಕ್ಕೆ ಸೇರಿ ಅಂಕಿ ಚೆನ್ನಾಗಿ ಕಾಣುತ್ತದೆ.

ಎರಡನೆಯದು, ಪಿಯುಇ ಒಂದು ಅನುಪಾತವೇ ಹೊರತು ಬಳಕೆಯ ಮೊತ್ತವಲ್ಲ. ಸರ್ವರ್‌ಗಳು 1,000 ಕಿಲೋವಾಟ್, ಉಳಿದದ್ದೆಲ್ಲ 400 ಕಿಲೋವಾಟ್ ಬಳಸುವ ಕೇಂದ್ರವೊಂದು, ಕೆಲಸವಿಲ್ಲದೆ ಉರಿಯುತ್ತಿದ್ದ ಹಳೆಯ ಸರ್ವರ್‌ಗಳನ್ನು ಆರಿಸಿದ್ದರಿಂದ ಅವು 800ಕ್ಕೂ ಉಳಿದದ್ದು 360ಕ್ಕೂ ಇಳಿಯಿತೆನ್ನಿ. ಒಟ್ಟು ಬಳಕೆ 1,400ರಿಂದ 1,160ಕ್ಕೆ ಇಳಿದಿದೆ. ಪಿಯುಇ ಮಾತ್ರ 1.40ರಿಂದ 1.45ಕ್ಕೆ ಏರಿದೆ. ನಿಜವಾಗಿ ಒಳ್ಳೆಯ ಕೆಲಸ ಮಾಡಿದ ಸಂಸ್ಥೆ ಕಾಗದದ ಮೇಲೆ ಹಿಂದೆ ಬಿದ್ದಂತೆ ಕಾಣುತ್ತದೆ. ಕೆಲಸವಿಲ್ಲದೆ ನಿಂತ ಸರ್ವರ್ ಕೂಡ ಗಣನೀಯ ಪ್ರಮಾಣದ ವಿದ್ಯುತ್ ಹೀರುತ್ತಲೇ ಇರುತ್ತದೆ ಎಂಬುದು ಈ ಕ್ಷೇತ್ರದವರಿಗೆಲ್ಲ ಗೊತ್ತಿದ್ದರೂ, ಪಿಯುಇ ಆ ನಷ್ಟವನ್ನು ಎಂದೂ ತೋರಿಸದು.

ಮೂರನೆಯದು ನೀರು. ಪಿಯುಇ ಇಳಿಸುವ ಅತ್ಯಂತ ಸುಲಭದ ಮಾರ್ಗವೆಂದರೆ ನೀರನ್ನು ಆವಿ ಮಾಡುವುದು. ಕೂಲಿಂಗ್ ಟವರಿನಲ್ಲಿ ನೀರು ಆವಿಯಾಗುವಾಗ ಶಾಖವನ್ನು ಎತ್ತಿಕೊಂಡು ಹೋಗುತ್ತದೆ, ಹೀಗಾಗಿ ಅಷ್ಟೇ ಕೆಲಸಕ್ಕೆ ವಿದ್ಯುತ್ ಕಡಿಮೆ ಸಾಕಾಗುತ್ತದೆ. ಪಿಯುಇ ಮಾತ್ರ ನೋಡಿ ಬಹುಮಾನ ಕೊಟ್ಟರೆ, ನೀರನ್ನು ಹೆಚ್ಚು ಖರ್ಚು ಮಾಡಿದವರಿಗೇ ಬಹುಮಾನ ಸಿಕ್ಕಂತಾಗುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಆವಿಯ ಮೂಲಕ ಹೊರಹಾಕಲು ಸುಮಾರು ಒಂದೂವರೆ ಲೀಟರ್ ನೀರು ಬೇಕು. ಈ ಲೆಕ್ಕದಲ್ಲಿ 10 ಮೆಗಾವಾಟ್ ಶಾಖವನ್ನು ಪೂರ್ತಿಯಾಗಿ ಟವರಿನ ಮೂಲಕವೇ ಕಳೆಯುವ ಕೇಂದ್ರದಿಂದ ದಿನಕ್ಕೆ 3 ಲಕ್ಷ 60 ಸಾವಿರ ಲೀಟರ್ ಗಾಳಿಗೆ ಹೋಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ನೀರು ಆವಿಯಾದಂತೆ ಅದರಲ್ಲಿದ್ದ ಲವಣಗಳು ಟವರಿನಲ್ಲೇ ಉಳಿದು ಗಟ್ಟಿಯಾಗುವುದರಿಂದ, ಆಗಾಗ ಒಂದಿಷ್ಟು ನೀರನ್ನು ಹೊರಚೆಲ್ಲಿ ಹೊಸ ನೀರು ತುಂಬಬೇಕು. ಲವಣಾಂಶ ನಾಲ್ಕು ಪಟ್ಟು ಏರುವವರೆಗೆ ಬಿಟ್ಟರೂ ಆವಿಯಾದದ್ದರ ಮೂರನೇ ಒಂದು ಪಾಲನ್ನು ಹೀಗೆ ಚೆಲ್ಲಬೇಕಾಗುತ್ತದೆ. ನಮ್ಮ ಕೊಳವೆಬಾವಿಗಳ ಗಡಸು ನೀರಿನಲ್ಲಿ ಅಷ್ಟು ಬಿಡುವುದೂ ಕಷ್ಟ. ಎರಡೂ ಸೇರಿ ದಿನಕ್ಕೆ 4 ಲಕ್ಷ 80 ಸಾವಿರ ಲೀಟರ್, ಅಂದರೆ 12 ಸಾವಿರ ಲೀಟರಿನ 40 ಟ್ಯಾಂಕರ್ ನೀರು. ತಲೆಗೆ ದಿನಕ್ಕೆ 135 ಲೀಟರ್ ಎಂಬ ನಗರ ನೀರು ಪೂರೈಕೆಯ ಲೆಕ್ಕದಲ್ಲಿ ಅದು ಮೂರೂವರೆ ಸಾವಿರ ಜನರಿಗೆ ಸಾಕು.

2024ರ ಬೇಸಿಗೆಯನ್ನು ಬೆಂಗಳೂರಿನವರು ಮರೆತಿರಲಾರರು. ಸಾವಿರಾರು ಕೊಳವೆಬಾವಿಗಳು ಬತ್ತಿದವು, ಟ್ಯಾಂಕರ್ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಯಿತು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ನಲ್ಲಿಗಳಿಗೆ ಏರೇಟರ್ ಹಾಕಿಸಿಕೊಳ್ಳಬೇಕೆಂಬ ಆದೇಶವೂ ಬಂತು, ಅಪಾರ್ಟ್‌ಮೆಂಟ್‌ಗಳ ಜನ ಹಾಕಿಸಿಕೊಂಡರು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ಸಾಮರ್ಥ್ಯ ಸೇರಿರುವುದು ದೊಡ್ಡ ಸಮಾಧಾನವೇ ಸರಿ; ಆದರೆ ಆ ನೀರು ನಗರಕ್ಕೆ ಹೊಸದಾಗಿ ಸೇರಿದ 110 ಹಳ್ಳಿಗಳ ಮನೆಗಳಿಗಾಗಿ ಬಂದದ್ದು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಹಂತಹಂತವಾಗಿ ನೂರಾರು ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ಕಾವೇರಿ ನೀರಿನ ಪ್ರತಿ ಹನಿಯಲ್ಲಿಯೂ ವಿದ್ಯುತ್ ಅಡಗಿದೆ. ವಿದ್ಯುತ್ ಉಳಿಸಲೆಂದು ಆ ನೀರನ್ನೇ ಆವಿ ಮಾಡಿದ ಕೇಂದ್ರ, ತಾನು ಉಳಿಸಿದ್ದರ ಒಂದು ಪಾಲನ್ನು ಜಲಮಂಡಳಿಯ ಬಿಲ್ಲಿಗೆ ದಾಟಿಸಿದೆ ಅಷ್ಟೆ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನೀರೇ ಬೇಡವೆಂದು ಗಾಳಿಯಿಂದಲೇ ತಂಪಾಗುವ ಚಿಲ್ಲರ್‌ಗಳನ್ನು ಹಾಕಿದರೆ ಬೆಂಗಳೂರಿನ ನೀರು ಉಳಿಯುತ್ತದೆ, ಆದರೆ ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಆ ವಿದ್ಯುತ್ ರಾಯಚೂರಿನ ಶಾಖೋತ್ಪನ್ನ ಸ್ಥಾವರದಿಂದ ಬಂದರೆ ಅಲ್ಲಿ ಕಲ್ಲಿದ್ದಲು ಉರಿಯುತ್ತದೆ, ಕೃಷ್ಣೆಯ ನೀರು ಆವಿಯಾಗುತ್ತದೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಂಥ ಕಡೆಯಿಂದ ಬಂದರೆ ನೀರಿನ ಖರ್ಚು ಅತ್ಯಲ್ಪ, ಆದರೆ ಅದು ಹಗಲಿನ ವಿದ್ಯುತ್, ಸರ್ವರ್‌ಗಳಿಗೆ ರಾತ್ರಿಯೂ ಹಗಲೇ. ವರ್ಷದ ಒಟ್ಟು ಬಳಕೆಗೆ ಸಮನಾದ ಸೌರ ವಿದ್ಯುತ್ ಖರೀದಿಸಿದ್ದೇವೆಂದು ಹೇಳಿಕೊಳ್ಳುವ ಕೇಂದ್ರ ಮಧ್ಯರಾತ್ರಿ ಎರಡು ಗಂಟೆಗೆ ಯಾವ ಸ್ಥಾವರದ ವಿದ್ಯುತ್ತಿನಲ್ಲಿ ನಡೆಯುತ್ತಿತ್ತು ಎಂಬುದನ್ನು ವಾರ್ಷಿಕ ಲೆಕ್ಕ ಹೇಳುವುದಿಲ್ಲ. ಯಾವ ಊರಿಗೆ, ಯಾವ ಕಾಲಕ್ಕೆ ಯಾವ ವಿಧಾನ ಸರಿ ಎಂಬುದು ಹೀಗೆ ನೀರು ಮತ್ತು ವಿದ್ಯುತ್ ಎರಡನ್ನೂ ಎದುರುಬದುರು ಇಟ್ಟು ನೋಡಿದಾಗ ಮಾತ್ರ ತೀರ್ಮಾನಿಸಬಹುದಾದ ಪ್ರಶ್ನೆ. ದೇವನಹಳ್ಳಿಗೆ ಸರಿಯಾದದ್ದು ಮಂಗಳೂರಿಗೆ ಸರಿಯಾಗಬೇಕೆಂದಿಲ್ಲ. ಆದ್ದರಿಂದಲೇ ಎರಡು ಲೆಕ್ಕಗಳೂ ಒಟ್ಟಿಗೆ ಬೇಕೆಂದು ನಾನು ಒತ್ತಿ ಹೇಳುತ್ತಿರುವುದು.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಕೆಲಸಕ್ಕೆ ಕಾಲಾವಕಾಶವೂ ಕಡಿಮೆಯಾಗಿದೆ. 2010ರಿಂದ 2018ರವರೆಗೆ ಜಗತ್ತಿನ ಡೇಟಾ ಸೆಂಟರ್‌ಗಳ ಗಣನೆಯ ಕೆಲಸ ಆರು ಪಟ್ಟಿಗೂ ಹೆಚ್ಚು ಬೆಳೆದರೂ ಅವುಗಳ ವಿದ್ಯುತ್ ಬಳಕೆ ಏರಿದ್ದು ಸುಮಾರು ಶೇ 6ರಷ್ಟು ಮಾತ್ರ ಎಂದು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತ್ತು. ಹಳೆಯ ಸಣ್ಣ ಸರ್ವರ್ ಕೋಣೆಗಳು ಮುಚ್ಚಿ ಕೆಲಸ ದೊಡ್ಡ ಕೇಂದ್ರಗಳಿಗೆ ಹೋದದ್ದು, ಒಂದೇ ಸರ್ವರಿನಲ್ಲಿ ಹಲವರ ಕೆಲಸ ನಡೆಸುವ ತಂತ್ರ ಬಂದದ್ದು ಇದಕ್ಕೆ ಕಾರಣ. ಆ ಕಾಲ ಮುಗಿದಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2024ರಲ್ಲಿ ಡೇಟಾ ಸೆಂಟರ್‌ಗಳ ಬಳಕೆ ಸುಮಾರು 41,500 ಕೋಟಿ ಯೂನಿಟ್, ಅಂದರೆ ಜಗತ್ತಿನ ವಿದ್ಯುತ್ತಿನ ಶೇ 1.5ರಷ್ಟು, 2030ಕ್ಕೆ ಅದು 94,500 ಕೋಟಿ ಯೂನಿಟ್ ಆಗಬಹುದೆಂಬುದು ಅದರ ಅಂದಾಜು. ಹಿಂದೆ ಒಂದು ರ‍್ಯಾಕ್ ಐದರಿಂದ ಎಂಟು ಕಿಲೋವಾಟ್ ಬಳಸಿದರೆ ಅದೇ ಸಾಮಾನ್ಯ. ಈಗ ಎನ್‌ವಿಡಿಯಾ ಸಂಸ್ಥೆಯ ಹೊಸ ಚಿಪ್‌ಗಳು 72 ಒಟ್ಟಿಗೆ ಕೂತ ಒಂದೇ ರ‍್ಯಾಕ್ ಸುಮಾರು 120 ಕಿಲೋವಾಟ್ ಬಳಸುತ್ತದೆ. ಇಷ್ಟು ಶಾಖವನ್ನು ಗಾಳಿಯಿಂದ ಎತ್ತಲಾಗದೆ, ಚಿಪ್ಪಿನ ಮೇಲೆಯೇ ದ್ರವ ಹಾಯಿಸುವ ವಿಧಾನ ಬಂದಿದೆ.

ಈ ದ್ರವ ಕೂಲಿಂಗ್ ನಮಗೆ ಭರವಸೆ ಕೊಡುವ ಬೆಳವಣಿಗೆ ಎಂದು ನಾನು ನಂಬಿದ್ದೇನೆ. ಮುಚ್ಚಿದ ಕೊಳವೆಗಳಲ್ಲಿ ಸುತ್ತುವ ಆ ದ್ರವ ಖರ್ಚಾಗುವುದಿಲ್ಲ. ಅಲ್ಲದೆ 40 ಡಿಗ್ರಿ ಆಸುಪಾಸಿನ ಬೆಚ್ಚನೆಯ ದ್ರವದಿಂದಲೂ ಚಿಪ್ಪುಗಳನ್ನು ತಣಿಸಬಹುದಾದ್ದರಿಂದ, ಬೆಂಗಳೂರಿನ ಹವೆಯಲ್ಲಿ ಆ ಶಾಖವನ್ನು ಒಣ ರೇಡಿಯೇಟರ್‌ಗಳ ಮೂಲಕವೇ, ಹನಿ ನೀರನ್ನೂ ಆವಿ ಮಾಡದೆ, ಚಿಲ್ಲರನ್ನೂ ಓಡಿಸದೆ ವರ್ಷದ ಬಹುಕಾಲ ಹೊರಹಾಕಬಹುದು. ತನ್ನ ಹೊಸ ವಿನ್ಯಾಸದ ಕೇಂದ್ರಗಳಲ್ಲಿ ತಂಪು ಮಾಡಲು ನೀರನ್ನು ಆವಿ ಮಾಡುವುದಿಲ್ಲವೆಂದು ಮೈಕ್ರೋಸಾಫ್ಟ್ 2024ರಲ್ಲಿ ಪ್ರಕಟಿಸಿತು. ಆದರೆ ಇದನ್ನು ಇಲ್ಲಿ ಕಟ್ಟುವವರೂ ಹಾಗೆಯೇ ಮಾಡುತ್ತಾರೆಂದು ಭಾವಿಸಲಾಗದು. ದ್ರವ ಕೂಲಿಂಗ್ ಇದೆ ಎಂದು ಹೇಳಿ, ಆ ದ್ರವದ ಶಾಖವನ್ನು ಕೊನೆಗೆ ಕೂಲಿಂಗ್ ಟವರಿಗೇ ಒಪ್ಪಿಸುವ ವಿನ್ಯಾಸವೂ ಸಾಧ್ಯ, ಕಟ್ಟುವಾಗ ಅದಕ್ಕೆ ಖರ್ಚೂ ಕಡಿಮೆ. ಮೀಟರ್ ಮಾತ್ರ ಈ ವ್ಯತ್ಯಾಸವನ್ನು ಹೇಳಬಲ್ಲದು.

ಲೆಕ್ಕ ಬಹಿರಂಗಪಡಿಸಿ ಎಂದಾಗ ಉದ್ಯಮದಿಂದ ಬರುವ ಮೊದಲ ಉತ್ತರ ವ್ಯಾಪಾರದ ಗುಟ್ಟು ಎಂಬುದು. ಪತ್ರಿಕೆಯೊಂದಕ್ಕೆ ಬರೆಯುತ್ತಿರುವುದರಿಂದ, ಈ ವಾದವನ್ನು ಇನ್ನೊಂದು ಪತ್ರಿಕೆ ಎದುರಿಸಿದ ಬಗೆಯನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಅಮೆರಿಕದ ಆರಿಗನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ದಡದ ಡಾಲ್ಸ್ ಎಂಬ ಸಣ್ಣ ಊರಿನಲ್ಲಿ ಗೂಗಲ್‌ನ ಕೇಂದ್ರಗಳಿವೆ. ಅವು ಎಷ್ಟು ನೀರು ಬಳಸುತ್ತವೆಂದು ‘ಆರಿಗೋನಿಯನ್’ ಪತ್ರಿಕೆ ಕೇಳಿದಾಗ, ಅದು ವ್ಯಾಪಾರದ ಗುಟ್ಟೆಂದು ಹೇಳಿದ ನಗರಾಡಳಿತ, ಮಾಹಿತಿ ಕೊಡಬೇಕೆಂಬ ಆದೇಶ ಬಂದ ಮೇಲೂ ಒಪ್ಪದೆ, 2021ರಲ್ಲಿ ಪತ್ರಿಕೆಯ ಮೇಲೆಯೇ ದಾವೆ ಹೂಡಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ವ್ಯಾಜ್ಯ ನಡೆದು, 2022ರ ಡಿಸೆಂಬರಿನಲ್ಲಿ ರಾಜಿಯಾಗಿ ಅಂಕಿ ಹೊರಬಂದಾಗ ಗೊತ್ತಾದದ್ದು, 2021ರಲ್ಲಿ ಆ ಕೇಂದ್ರಗಳು 35.5 ಕೋಟಿ ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 134 ಕೋಟಿ ಲೀಟರ್ ನೀರು ಬಳಸಿದ್ದವು ಎಂದು. ಅದು ಇಡೀ ಊರಿನ ಬಳಕೆಯ ಕಾಲು ಭಾಗಕ್ಕೂ ಹೆಚ್ಚು. ಅಂಕಿ ಹೊರಬಂದದ್ದರಿಂದ ಆ ಕಂಪನಿಗೆ ಯಾವ ನಷ್ಟವೂ ಆಗಲಿಲ್ಲ. ಈಗ ಗೂಗಲ್ ತಾನಾಗಿಯೇ ತನ್ನ ಕೇಂದ್ರಗಳ ನೀರಿನ ಬಳಕೆಯನ್ನು ಊರಿನ ಹೆಸರಿನೊಂದಿಗೆ ಪ್ರತಿವರ್ಷ ಪ್ರಕಟಿಸುತ್ತಿದೆ. ಅದರ ಸ್ಪರ್ಧಿಗಳು ಆ ಅಂಕಿಯಿಂದ ಕಲಿಯುವ ಗುಟ್ಟೇನೂ ಇರಲಿಲ್ಲ. ನೀರು ಹಂಚಿಕೊಳ್ಳುತ್ತಿದ್ದ ಊರಿನವರಿಗಷ್ಟೇ ಅದು ತಿಳಿಯಬೇಕಾದ ಸಂಗತಿಯಾಗಿತ್ತು.

ಎರಡನೆಯ ಉತ್ತರ, ಷರತ್ತು ಹಾಕಿದರೆ ಹೂಡಿಕೆ ಬೇರೆ ರಾಜ್ಯಕ್ಕೆ ಹೋಗುತ್ತದೆ ಎಂಬುದು. ಯುರೋಪಿನ ಒಕ್ಕೂಟದಲ್ಲಿ 500 ಕಿಲೋವಾಟ್‌ಗೂ ಮೇಲ್ಪಟ್ಟ ಡೇಟಾ ಸೆಂಟರ್‌ಗಳು ತಮ್ಮ ವಿದ್ಯುತ್, ನೀರು, ನವೀಕರಿಸಬಹುದಾದ ಇಂಧನದ ಪಾಲು, ಮರುಬಳಕೆಯಾದ ಶಾಖ ಇವುಗಳನ್ನು ವರದಿ ಮಾಡುವುದು 2024ರಿಂದ ಕಡ್ಡಾಯವಾಗಿದೆ. ಜರ್ಮನಿಯ ಕಾನೂನು ಇನ್ನೂ ಮುಂದೆ ಹೋಗಿ, 2026ರ ಜುಲೈಯಿಂದ ಕಾರ್ಯಾರಂಭ ಮಾಡುವ ಕೇಂದ್ರಗಳು 1.2ರ ಪಿಯುಇ ಸಾಧಿಸಬೇಕೆಂದು ಹೇಳುತ್ತದೆ. ಅಲ್ಲಿನ ಚಳಿಯನ್ನು ನೆನೆದರೆ ಆ ಅಂಕಿಯನ್ನು ನಾವು ಹಾಗೆಯೇ ನಕಲು ಮಾಡಬೇಕಾಗಿಲ್ಲ. ವರದಿ ಕೊಡುವ ಪದ್ಧತಿಗೆ ಮಾತ್ರ ಹವಾಮಾನದ ಅಡ್ಡಿಯಿಲ್ಲ. ಐರ್ಲೆಂಡಿನ ಅಂಕಿಅಂಶ ಕಚೇರಿ ಪ್ರತಿವರ್ಷ ಪ್ರಕಟಿಸುವ ಲೆಕ್ಕದಿಂದಲೇ, 2015ರಲ್ಲಿ ದೇಶದ ವಿದ್ಯುತ್ತಿನ ಶೇ 5ರಷ್ಟಿದ್ದ ಈ ಉದ್ಯಮದ ಪಾಲು 2023ರಲ್ಲಿ ಶೇ 21ಕ್ಕೆ ಏರಿ ನಗರಗಳ ಮನೆಗಳ ಒಟ್ಟು ಬಳಕೆಯನ್ನೂ ಮೀರಿತೆಂದು ಅಲ್ಲಿನ ಜನರಿಗೆ ತಿಳಿಯಿತು. ಸಿಂಗಪುರವಂತೂ 2019ರಲ್ಲಿ ಹೊಸ ಕೇಂದ್ರಗಳನ್ನೇ ತಡೆದು, 2022ರಲ್ಲಿ 1.3ರ ಪಿಯುಇ ಷರತ್ತಿನೊಂದಿಗೆ ಮತ್ತೆ ತೆರೆದಾಗ ಅರ್ಜಿ ಹಾಕುವವರಿಗೆ ಕೊರತೆಯಾಗಲಿಲ್ಲ. ಗ್ರಾಹಕ ಕಂಪನಿಗಳು, ಅದರಲ್ಲೂ ತಮ್ಮ ಇಂಗಾಲದ ಲೆಕ್ಕವನ್ನು ಹೂಡಿಕೆದಾರರಿಗೆ ಕೊಡಬೇಕಾದ ದೊಡ್ಡ ಕಂಪನಿಗಳು, ಇಂದು ಇದೇ ಅಂಕಿಗಳನ್ನು ನಿರ್ವಾಹಕರಿಂದ ಖಾಸಗಿಯಾಗಿ ಕೇಳಿ ಪಡೆಯುತ್ತಿವೆ. ಗ್ರಾಹಕರಿಗೆ ಕೊಡುವ ಲೆಕ್ಕವನ್ನು, ನೀರು ಮತ್ತು ವಿದ್ಯುತ್ ಒದಗಿಸುವ ಸಮಾಜಕ್ಕೆ ಕೊಡಲು ಅಡ್ಡಿಯೇನು?

ಭದ್ರತೆಯ ಕಾರಣವನ್ನೂ ಕೆಲವರು ಹೇಳುತ್ತಾರೆ. ತಿಂಗಳ ಒಟ್ಟು ಯೂನಿಟ್ ಮತ್ತು ಒಟ್ಟು ಲೀಟರಿನಿಂದ ಯಾವ ಬ್ಯಾಂಕಿನ ಯಾವ ಸರ್ವರ್ ಎಲ್ಲಿದೆ ಎಂದು ಯಾರಿಗೂ ತಿಳಿಯಲಾರದು.

ಆದ್ದರಿಂದ ಹೊಸ ನೀತಿಯಲ್ಲಿ ಸೇರಬೇಕಾದದ್ದನ್ನು ನೇರವಾಗಿ ಹೇಳುತ್ತೇನೆ. ವಿದ್ಯುತ್ ಸುಂಕ, ಮುದ್ರಾಂಕ ಶುಲ್ಕ, ಭೂಮಿ, ಬಂಡವಾಳ ಇವುಗಳಲ್ಲಿ ಯಾವುದೇ ರಿಯಾಯಿತಿ ಪಡೆಯುವ ಕೇಂದ್ರ ತನ್ನ ಒಟ್ಟು ವಿದ್ಯುತ್, ಸರ್ವರ್‌ಗಳಿಗೆ ಹೋದ ವಿದ್ಯುತ್, ಜನರೇಟರಿಗೆ ಸುಟ್ಟ ಡೀಸೆಲ್ ಮತ್ತು ನೀರಿನ ಬಳಕೆಯನ್ನು ತಿಂಗಳಿಗೊಮ್ಮೆ ಕೊಡಬೇಕು. ನೀರಿನ ಲೆಕ್ಕದಲ್ಲಿ ಕಾವೇರಿ, ಕೊಳವೆಬಾವಿ, ಟ್ಯಾಂಕರ್, ಸಂಸ್ಕರಿಸಿದ ನೀರು ಎಂದು ಮೂಲಗಳನ್ನು ಬೇರೆಬೇರೆಯಾಗಿ ತೋರಿಸಬೇಕು. ಟ್ಯಾಂಕರನ್ನು ಹೆಸರಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ: ಜಲಮಂಡಳಿಯ ಮೀಟರಿಗೂ ಅಂತರ್ಜಲ ಪ್ರಾಧಿಕಾರದ ಅನುಮತಿಗೂ ಸಿಗದೆ ಜಾರಿಹೋಗುವ ನೀರು ಅದೊಂದೇ, ಮತ್ತು ಅದು ಬರುವುದು ಸುತ್ತಲಿನ ಹಳ್ಳಿಗಳ ಕೊಳವೆಬಾವಿಗಳಿಂದ. ಮೀಟರ್ ಎಲ್ಲಿ ಕೂರಬೇಕೆಂಬುದನ್ನು ನೀತಿಯೇ ಹೇಳಬೇಕು. ನಕ್ಷೆಯ ಅಂಕಿಗೆ ಬೆಲೆ ಕೊಡದೆ, ಹನ್ನೆರಡು ತಿಂಗಳ ನಿಜವಾದ ಓಟದ ಅಂಕಿಯನ್ನು ನೋಡಿದ ಮೇಲೆಯೇ ರಿಯಾಯಿತಿಯ ಮುಂದಿನ ಕಂತು ಬಿಡುಗಡೆಯಾಗಬೇಕು. ಇಂಧನ ಸಂರಕ್ಷಣೆಯ ಹೊಣೆ ಹೊತ್ತ ಕ್ರೆಡಲ್ ಸಂಸ್ಥೆ ರಾಜ್ಯದಲ್ಲಿ ಆಗಲೇ ಇರುವುದರಿಂದ ಇದಕ್ಕಾಗಿ ಹೊಸ ಕಚೇರಿ ತೆರೆಯುವ ಅಗತ್ಯವಿಲ್ಲ. ಬೆಸ್ಕಾಂ ಮತ್ತು ಜಲಮಂಡಳಿಯ ಬಿಲ್ಲುಗಳೊಂದಿಗೆ ತಾಳೆ ನೋಡಿದರೆ ತಪ್ಪು ಲೆಕ್ಕ ತಾನಾಗಿಯೇ ಸಿಕ್ಕಿಬೀಳುತ್ತದೆ.

ಕೂಲಿಂಗ್ ಟವರಿಗೆ ಸಂಸ್ಕರಿಸಿದ ಕೊಳಚೆ ನೀರನ್ನೇ ಬಳಸಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಕುಡಿಯುವ ನೀರಿಗಿಂತ ಅದು ಖಂಡಿತ ಉತ್ತಮ. ಆದರೆ ಆ ನೀರು ಯಾರಿಗೂ ಬೇಡವಾಗಿ ಬಿದ್ದಿದೆ ಎಂದು ತಿಳಿಯುವುದು ಸರಿಯಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ, ಹೆಬ್ಬಾಳ–ನಾಗವಾರ ಕಣಿವೆಯದು ಚಿಕ್ಕಬಳ್ಳಾಪುರದ ಕಡೆಗೆ ಹೋಗುತ್ತಿದೆ. ಇನ್ನಷ್ಟು ಚೆನ್ನಾಗಿ ಶುದ್ಧೀಕರಿಸಿ ಎಂಬುದು ಅಲ್ಲಿನ ರೈತರ ಬೇಡಿಕೆಯೇ ಹೊರತು ನೀರನ್ನು ಕಡಿಮೆ ಮಾಡಿ ಎಂಬುದಲ್ಲ. ಡೇಟಾ ಸೆಂಟರ್‌ಗೆ ಕೊಟ್ಟ ಸಂಸ್ಕರಿಸಿದ ನೀರು ಆವಿಯಾಗಿ ಹೋದರೆ ಯಾವ ಕೆರೆಗೂ ಮರಳಿ ಸೇರುವುದಿಲ್ಲ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಹಂಚಬೇಕು.

ಈ ನಿಯಮವನ್ನು ಖಾಸಗಿಯವರಿಗೆ ಹಾಕುವ ಮುನ್ನ ಸರ್ಕಾರ ತನ್ನ ಮನೆಯಿಂದಲೇ ಆರಂಭಿಸಬಹುದು. ಸರ್ಕಾರಿ ಇಲಾಖೆಗಳ ಆನ್‌ಲೈನ್ ಸೇವೆಗಳಿಗೆ ಆಧಾರವಾಗಿರುವ ರಾಜ್ಯ ದತ್ತಾಂಶ ಕೇಂದ್ರ ನಡೆಯುವುದು ಜನರ ತೆರಿಗೆಯ ಹಣದಿಂದ; ಅದರ ವಿದ್ಯುತ್ತಿನ ಮತ್ತು ನೀರಿನ ಬಳಕೆಗೆ ವ್ಯಾಪಾರದ ಗುಟ್ಟಿನ ನೆಪವೂ ಇಲ್ಲ. ಅದರ ಕಳೆದ ಹನ್ನೆರಡು ತಿಂಗಳ ಅಂಕಿಗಳನ್ನು, ಎಷ್ಟು ಸರ್ವರ್‌ಗಳು ಕೆಲಸವಿಲ್ಲದೆ ಉರಿಯುತ್ತಿವೆ ಎಂಬುದನ್ನೂ ಸೇರಿಸಿ, ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಇಲಾಖೆ ತನ್ನ ಜಾಲತಾಣದಲ್ಲಿ ಪ್ರಕಟಿಸಲಿ, ಮತ್ತು ಹೊಸ ನೀತಿಯ ಕರಡನ್ನು ಅಂತಿಮಗೊಳಿಸುವ ಮೊದಲು ನೀರು, ಇಂಧನ ಕ್ಷೇತ್ರಗಳ ತಜ್ಞರಿಗೂ ದೇವನಹಳ್ಳಿ, ವೈಟ್‌ಫೀಲ್ಡ್ ಸುತ್ತಲಿನ ಗ್ರಾಮ ಪಂಚಾಯಿತಿಗಳಿಗೂ ಅಭಿಪ್ರಾಯ ಹೇಳಲು ಕನಿಷ್ಠ ಎರಡು ತಿಂಗಳ ಕಾಲಾವಕಾಶ ಕೊಡಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿದ್ಯುತ್ ಎಂಜಿನಿಯರ್, ಬೆಂಗಳೂರು